ಜಾಣಗಿವುಡು

"ಪ್ಲಗ್ ಹಾಕ್ಕೊಂಡೇ ನೋಡ್ಬೇಕು ಸರ್. ಬರೀ ಕಿವೀಲಿ ನೋಡಿದ್ರೆ ಯಾವ ಹೆಲ್ಮೆಟ್ ಇಂಟರ್‌ಕಾಮ್ ಆದ್ರೂ ಚೆನ್ನಾಗೇ ಕೇಳ್ಸುತ್ತೆ" ಎಂದು ಅಂಗಡಿಯವಳು ಹೇಳಿದಾಗ, ಅವಳು ತನ್ನ ಅಂಗಿಯ ಜೇಬಿಗೇ ಕೈ ಹಾಕಿದಳೇನೋ ಎಂಬಂತೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಜೇಬಿನಲ್ಲಿ ಕಿವಿಯ ಪ್ಲಗ್ಗುಗಳ ಪುಟ್ಟ ಡಬ್ಬಿ ಇತ್ತು. ಮನೆಯಲ್ಲಿ ಮರೆತು ಬಂದೆ ಎನ್ನಬಹುದಿತ್ತು. ಹಾಗೆನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದ. ಆದರೆ ಪಕ್ಕದಲ್ಲಿ ಅಕ್ಕನ ಮಗಳು ನಿಂತಿದ್ದಳು. "ಇದೆ ಇದೆ, ಜೇಬಲ್ಲೇ ಇದೆ. ನಮ್ಮ ಮಾಮ ಮನೆ ಬೀಗದ ಕೈ ಮರೀತಾನೆ, ಊಟ ಮಾಡೋದು ಮರೀತಾನೆ, ಬಿರಡೆ ಮಾತ್ರ ಮರೆಯಲ್ಲ" ಎಂದು ನಕ್ಕಳು. ಅಂಗಡಿಯವಳೂ ನಕ್ಕಳು. ಅವನು ಡಬ್ಬಿ ತೆಗೆದು ಗಾಜಿನ ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದ. ಬಲಗಿವಿಯದು ಕೆಂಪು, ಎಡಗಿವಿಯದು ನೀಲಿ. ತನ್ನ ಕಿವಿಯ ಒಳಗು ಹೀಗೆ ಹೊರಗೆ ಬಂದು ಬೆಳಕಿನಲ್ಲಿ ಬಿದ್ದುಕೊಂಡಿರುವುದನ್ನು ಕಂಡರೆ ಅವನಿಗೆ ಇವತ್ತಿಗೂ ನಾಚಿಕೆ. ಬಿರಡೆ ಎನ್ನುವುದು ಅಕ್ಕ ಇಟ್ಟ ಹೆಸರು. "ಸೀಸೆಗೆ ಹಾಕಿದ ಹಾಗೆ ಕಿವಿಗೂ ಬಿರಡೆ ಹಾಕ್ಕೊಂಡಿದ್ದೀಯಲ್ಲೋ, ಒಳಗಿರೋ ಒಂದು ಚೂರು ಬುದ್ಧೀನೂ ಚೆಲ್ಲಿ ಹೋಗುತ್ತೆ ಅಂತಾನಾ?" ಎಂದು ಮೊದಲ ದಿನವೇ ಆಡಿಕೊಂಡಿದ್ದಳು.

ಆ ಬಿರಡೆಗಳಿಗೆ ಕಿವಿಯ ಅಚ್ಚು ತೆಗೆಸಿಕೊಂಡದ್ದು ಬೈಕು ಕಲಿಸುವ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಬಹಳ ವರ್ಷಗಳಾದ ಮೇಲೆ. ಗಾಳಿ, ಎಂಜಿನ್ನು, ಮತ್ತೆ ಗಾಳಿ. ಒಂದು ಬೆಳಿಗ್ಗೆ ಎದ್ದರೆ ಕಿವಿಯೊಳಗೆ ಸಣ್ಣದೊಂದು ಸೀಟಿ ಬಂದು ಕೂತಿತ್ತು, ಆಮೇಲೆ ಹೋಗಲೇ ಇಲ್ಲ. ಉಳಿದಿರುವುದನ್ನಾದರೂ ಉಳಿಸಿಕೊಳ್ಳಿ ಎಂದು ಡಾಕ್ಟರು ಅಚ್ಚಿನವನ ಹತ್ತಿರ ಕಳಿಸಿದ್ದರು. ಅಚ್ಚಿನವನು ಕಿವಿಯೊಳಕ್ಕೆ ತಣ್ಣನೆಯ ಹಿಟ್ಟಿನಂಥದ್ದನ್ನು ತುಂಬಿ, ಹಲ್ಲುಗಳ ನಡುವೆ ಒಂದು ತುಂಡು ರಬ್ಬರು ಕೊಟ್ಟು, "ಇದನ್ನ ಕಚ್ಕೊಂಡು ಬಾಯಿ ತೆರೆದೇ ಇಟ್ಕೊಳ್ಳಿ. ಮಾತಾಡೋವಾಗ ದವಡೆ ಆಡುತ್ತೆ, ಅದರ ಜೊತೆ ಕಿವಿ ಒಳಗೂ ಆಕಾರ ಬದಲಾಗುತ್ತೆ. ನಿಮ್ಮದು ಮಾತಾಡೋ ಕೆಲಸ ಅಲ್ವಾ?" ಎಂದಿದ್ದ. ಎದುರಿನ ಬೆಂಚಿನಲ್ಲಿ ತಮ್ಮ ಸರದಿಗೆ ಕಾಯುವವರು ಕೂತಿದ್ದರು. ಬಾಯಿ ತೆರೆದು ಕೂತ ದೊಡ್ಡ ಗಂಡಸು, ಜೊಲ್ಲು ಗಲ್ಲಕ್ಕಿಳಿಯಿತು, ಒಬ್ಬ ಹೆಂಗಸು ಮುಖ ತಿರುಗಿಸಿಕೊಂಡಳು. ಅಚ್ಚಿನವನು ಆಚೆ ತಿರುಗಿದ್ದೇ ತಡ, ಅವನು ರಬ್ಬರನ್ನು ತೆಗೆದು ಅಂಗೈಯಲ್ಲಿ ಬಚ್ಚಿಟ್ಟುಕೊಂಡು ಬಾಯಿ ಮುಚ್ಚಿ ಕೂತುಬಿಟ್ಟ. ಹೀಗಾಗಿ ಆ ಬಿರಡೆಗಳು ಅವನು ಸುಮ್ಮನಿರುವಾಗ ಮಾತ್ರ ಸರಿಯಾಗಿ ಕೂರುತ್ತಿದ್ದವು. ಮಾತಿಗೆ ಬಾಯಿ ತೆರೆದನೆಂದರೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟು, ಹೊರಗಿನ ಸದ್ದು ನೂಲಿನ ಹಾಗೆ ಒಳಗೆ ಬರುತ್ತಿತ್ತು. ಬಾಯಿ ಮುಚ್ಚಿದರೆ ನೂಲು ಕಡಿಯುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಬೇರೆ ಮಾಡಿಸಿಕೊಳ್ಳಲೂ ಇಲ್ಲ. ಒಂದು ರೀತಿಯಲ್ಲಿ ಅದು ಅವನ ಸ್ವಭಾವಕ್ಕೇ ಅಳತೆ ತೆಗೆದು ಹೊಲಿದ ಹಾಗಿತ್ತು.

ಅಂಗಡಿಯವಳು ಮೇಜಿನ ಮೇಲೆ ಒಂದೊಂದೇ ಡಬ್ಬಿ ಬಿಚ್ಚಿಡುತ್ತಿದ್ದಳು. "ಈ ತೆಳು ಸ್ಪೀಕರಿನದು ನಿಮಗೆ ಬೇಡ ಸರ್, ಪ್ಲಗ್ ಹಿಂದೆ ಸೊಳ್ಳೆ ಹಾಡಿದ ಹಾಗಿರುತ್ತೆ. ಈ ದಪ್ಪದ್ದು ನೋಡಿ. ಆದ್ರೆ ಹೆಲ್ಮೆಟ್ ಒಳಗೆ ಕಿವಿಗೆ ಅಂತ ಗುಳಿ ಇರ್ಬೇಕು, ಇಲ್ದಿದ್ರೆ ಅರ್ಧ ಗಂಟೇಲಿ ಕಿವಿ ಉರಿಯುತ್ತೆ. ಮತ್ತೆ ಸರಿಯಾಗಿ ಕಿವಿ ತೂತಿನ ಎದುರಿಗೇ ಕೂರಿಸ್ಬೇಕು, ಒಂದು ಬೆರಳು ಆಚೀಚೆ ಆದ್ರೂ ಅರ್ಧ ಮಾತು ಹೋಗುತ್ತೆ. ಇನ್ನೊಂದಿದೆ, ಅದರಲ್ಲಿ ಸ್ಪೀಕರೇ ಇಲ್ಲ, ತಂತಿ ನೇರವಾಗಿ ಪ್ಲಗ್ಗಿಗೇ ಹೋಗುತ್ತೆ. ಅದಕ್ಕೆ ನೀವು ಹೊಸದಾಗಿ ಅಚ್ಚು ತೆಗೆಸ್ಬೇಕು."

"ಅಚ್ಚು ಬೇಡ" ಎಂದ ಅವನು, ಬೇಕಾದ್ದಕ್ಕಿಂತ ಬೇಗ.

"ಬಾಯಿ ಮುಚ್ಚದೆ ಮಾತಾಡೋರಿಗೆ ಯಾವ ಮೈಕ್ ಒಳ್ಳೇದು?" ಎಂದಳು ಅಕ್ಕನ ಮಗಳು.

"ಯಾರು, ಸರ್‌ಗಾ?"

"ಅಯ್ಯೋ, ಅವರಿಗೆ ಈಗ ಮೈಕು ದಂಡ. ನನಗೆ."

ಒಂದು ಕಾಲದಲ್ಲಿ ಅವನಿಗೆ ಮೈಕು ದಂಡವಾಗಿರಲಿಲ್ಲ. ಶಾಲೆಯಲ್ಲಿದ್ದದ್ದು ಒಮ್ಮುಖದ ಸೆಟ್ಟು. ಕಲಿಸುವವನ ಮಾತು ಕಲಿಯುವವರ ಹೆಲ್ಮೆಟ್ಟಿಗೆ ಹೋಗುತ್ತಿತ್ತು, ಅಲ್ಲಿಂದ ಏನೂ ಬರುತ್ತಿರಲಿಲ್ಲ. ಅವನು ಮೈದಾನದ ನಡುವೆ ನಿಂತು, ಯಾರ ಮುಖವನ್ನೂ ನೋಡದೆ, ಕ್ಲಚ್ಚು ಬಿಡಿ, ನಿಧಾನ, ನೆಲ ನೋಡಬೇಡಿ, ಹೋಗಬೇಕಾದ ಕಡೆ ನೋಡಿ ಎಂದು ಹೇಳುತ್ತಿದ್ದ. ಎಲ್ಲಿಂದಲೋ ಕಿವಿಗೆ ಬರುವ, ಎದುರು ಮಾತಾಡಲಾಗದ ಆ ದನಿಗೆ ವಿದ್ಯಾರ್ಥಿಗಳು ಅಶರೀರವಾಣಿ ಎಂದು ಹೆಸರಿಟ್ಟಿದ್ದರು. ಅದು ಗೊತ್ತಾದಾಗ ಅವನಿಗೆ ಬೇಸರವಾಗಲಿಲ್ಲ, ಒಳಗೊಳಗೇ ಹಿಗ್ಗಿದ್ದ. ಮನೆಯಲ್ಲಿ, ಬಸ್ಸಿನಲ್ಲಿ, ಮದುವೆಗಳಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವವನು ಅಲ್ಲಿ ಮಾತ್ರ ತಡೆಯಿಲ್ಲದೆ ಮಾತಾಡುತ್ತಿದ್ದ. ಯಾರೂ ಉತ್ತರ ಕೊಡುವಂತಿಲ್ಲ ಎಂಬ ಒಂದೇ ಧೈರ್ಯದಿಂದ.

ಭಾವ ಹೋದ ಮೇಲೆ, ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದ ಅವರ ಬೈಕನ್ನು ಮಾರುವುದು ಬೇಡ, ನಾನೇ ಓಡಿಸ್ತೀನಿ ಎಂದು ಅಕ್ಕ ಹಟ ಹಿಡಿದಳು. ಈ ವಯಸ್ಸಿಗೆ ಯಾಕೆ ಎಂದದ್ದಕ್ಕೆ, "ಮುಂದಿನ ವಯಸ್ಸು ಬಂದ ಮೇಲೆ ಇನ್ನೂ ಕಷ್ಟ ಕಣೋ" ಎಂದಳು. ರಜೆಯ ದಿನ, ಮೈದಾನ ಖಾಲಿ ಇರುವಾಗ ಕಲಿಸತೊಡಗಿದ. ಅಕ್ಕ ಬಾಯಿಬಡುಕಿ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಮಾತು, ಗಾಡಿ ಸ್ಟಾರ್ಟ್ ಮಾಡುವಾಗ ಮಾತು, ಒಂದು ಸುತ್ತು ಹೊಡೆದು ಬಂದರೆ ಅದರ ಕಥೆ. ಮೈದಾನದಲ್ಲಿ ಬಿರಡೆ ಬೇಕಾಗುವಷ್ಟು ಗಾಳಿಯೂ ಇರಲಿಲ್ಲ, ವೇಗವೂ ಇರಲಿಲ್ಲ. ಅವನು ಹಾಕಿಕೊಂಡಿದ್ದ. ಕಿವಿ ಕಾಪಾಡಿಕೊಳ್ಳಲು ಎಂದು ಅಕ್ಕನಿಗೆ ಹೇಳಿದ್ದ. ಅವಳಿಗೆ ಹೆಲ್ಮೆಟ್ಟು ತೊಡಿಸಿ, ತಾನು ದೂರ ಹೋಗಿ ನಿಂತು, ಅವಳ ತುಟಿ ಆಡುವುದು ಕಾಣುತ್ತಿದ್ದರೂ ಸದ್ದಿಲ್ಲದ ಆ ಹೊತ್ತಿನಲ್ಲಿ ಅವನಿಗೊಂದು ಸಮಾಧಾನವಿರುತ್ತಿತ್ತು. ಆ ದಿನ ಅಕ್ಕ ಕೊನೆಯ ತಿರುವು ದಾಟಿ ಗೋಡೆಯ ಕಡೆಯ ಇಳಿಜಾರಿಗೆ ಬಂದಳು. ಹೆಲ್ಮೆಟ್ಟಿನ ಗಾಜು ಮೇಲಕ್ಕೆ ಸರಿದಿತ್ತು. ಎಡಗೈ ಹ್ಯಾಂಡಲಿನಿಂದ ಬಿಟ್ಟು ಮೇಲಕ್ಕೆತ್ತಿದಳು, ಬಾಯಿ ಅಗಲವಾಗಿ ತೆರೆದಿತ್ತು. ಮತ್ತೆ ಶುರುವಾಯಿತು ಪುರಾಣ, ಅಂದುಕೊಂಡ. "ಬಾಯಿ ಮುಚ್ಕೊಂಡು ಓಡ್ಸು ಅಕ್ಕ" ಎಂದ. ಹಾಗೆನ್ನಲು ಬಾಯಿ ತೆರೆದಾಗ ಬಿರಡೆಯ ಅಂಚು ಸರಿದು, ಅವಳ ದನಿಯ ಒಂದು ಎಳೆ ಒಳಗೆ ಬಂತು. ಮಾತಿನ ಆಕಾರವಿಲ್ಲದ ಬರೀ ದನಿ. ಅವನು ಬಾಯಿ ಮುಚ್ಚಿದ. ದನಿ ನಿಂತಿತು. ಆಮೇಲೆ ಗೋಡೆ.

ಗೇಟಿನ ಕಾವಲುಗಾರನಿಗೆ ಅಷ್ಟು ದೂರದಿಂದ ಕೇಳಿಸಿತ್ತು. "ಅಮ್ಮಾವ್ರು ಏನೋ ಕೂಗಿದ್ರು ಸರ್. ಏನಂತ ತಿಳೀಲಿಲ್ಲ" ಎಂದಿದ್ದ. ಸದ್ದಿಗೆ ಓಡಿಬಂದವರೆಲ್ಲ ಕಲಿಸುತ್ತಿದ್ದವನ ಕಡೆ ನೋಡಿದರು. ಅವನು ಕಿವಿಯಿಂದ ಬಿರಡೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಅಯ್ಯೋ ಪಾಪ, ಅವನಿಗೆ ಹೇಗೆ ಕೇಳಿಸಬೇಕು, ಎಂದರು. ಅಕ್ಕನ ಮುರಿದ ಸೊಂಟ, ಮೊಣಕಾಲು ಎರಡೂ ಕೂಡಿಕೊಂಡವು, ಆದರೆ ಹಳೆಯ ಹಾಗೆ ಕೂಡಲಿಲ್ಲ. ಅಂದಿನಿಂದ ಅವನು ಮೈದಾನಕ್ಕೆ ಇಳಿಯಲಿಲ್ಲ. ತರಗತಿಯಲ್ಲಿ ಬೋರ್ಡಿನ ಮೇಲೆ ರಸ್ತೆಯ ಗುರುತುಗಳನ್ನು ಬರೆದು ತೋರಿಸುವ ಕೆಲಸಕ್ಕೆ ಸರಿದ. ಎರಡು ವರ್ಷ ಹೀಗೇ ಕಳೆದ ಮೇಲೆ ಮೊನ್ನೆ ಅಕ್ಕ, ಇವಳಿಗೆ ನೀನೇ ಕಲಿಸು ಎಂದಳು. ಅವನು ನೆಲ ನೋಡುತ್ತ ಕೂತ. "ಅವಳೂ ಮಾತಾಡೋ ಹಾಗಿರೋ ಸೆಟ್ಟು ತಗೋ" ಎಂದಳು ಅಕ್ಕ, ಅಷ್ಟೇ. ಶಾಲೆಯ ಯಜಮಾನರೂ ಒಪ್ಪಿದರು, ನಿಮ್ಮ ಕಿವಿಗೆ ಯಾವುದು ಹೊಂದುತ್ತೋ ಅದನ್ನೇ ಆರಿಸಿ ಎಂದರು. ನನ್ನ ಕಿವಿಗೆ ಯಾವುದೂ ಹೊಂದುವುದಿಲ್ಲ ಎಂಬ ಉತ್ತರವನ್ನು ಅವನು ಆಗಲೇ ಸಿದ್ಧಮಾಡಿಕೊಂಡಿದ್ದ. ಯಾರು ತಾನೆ ಇನ್ನೊಬ್ಬನ ಕಿವಿಯೊಳಗೆ ಹೊಕ್ಕು ನೋಡಬಲ್ಲರು?

ಅಂಗಡಿಯವಳು ಎರಡು ಹೆಲ್ಮೆಟ್ಟುಗಳ ಒಳಗಿನ ಮೆತ್ತೆ ಸರಿಸಿ ದಪ್ಪ ಸ್ಪೀಕರುಗಳನ್ನು ಕೂರಿಸಿದಳು. ಅವನು ಬಿರಡೆ ಹಾಕಿಕೊಂಡು ಹೆಲ್ಮೆಟ್ಟು ತೊಟ್ಟ. ಅಕ್ಕನ ಮಗಳು ಇನ್ನೊಂದನ್ನು ತೊಟ್ಟು, ಗಾಜಿನ ಬಾಗಿಲು ತಳ್ಳಿ ರಸ್ತೆಗಿಳಿದಳು. ಬೈಕಿಲ್ಲದೆ ಹೆಲ್ಮೆಟ್ಟು ಹಾಕಿಕೊಂಡು ಕಾಲುದಾರಿಯಲ್ಲಿ ನಡೆಯುತ್ತಿರುವವಳನ್ನು ಕಂಡು ಬಸ್ಸಿಗೆ ನಿಂತಿದ್ದವರು ನಕ್ಕರು. ಅವಳು ಅವರಿಗೆ ಕೈಬೀಸಿದಳು. ಆಮೇಲೆ ಅವನ ತಲೆಯೊಳಗೇ, ಬಿರಡೆಯ ಈಚೆಗೇ ಎಂಬಷ್ಟು ಹತ್ತಿರದಲ್ಲಿ, ಅವಳ ದನಿ: "ಮಾಮ, ಕೇಳಿಸ್ತಿದ್ಯಾ? ಬಟ್ಟೆ ಅಂಗಡಿ. ಔಷಧಿ ಅಂಗಡಿ. ಬೀಗ ರಿಪೇರಿ. ಬಸ್ಸಲ್ಲಿ ಒಬ್ಬರು ಬಾಯಿ ತೆಕ್ಕೊಂಡು ನಿದ್ದೆ ಮಾಡ್ತಿದ್ದಾರೆ, ನಿನ್ನ ಥರಾನೇ. ಕೇಳಿಸಿದ್ರೆ ತಲೆ ಮೇಲೆ ಕೈ ಇಡು."

ಒಂದೊಂದು ಅಕ್ಷರವೂ ಕೇಳಿಸಿತು. ಅವಳು ಉಸಿರೆಳೆದದ್ದು, ಹಲ್ಲಿನ ಸಂದಿಯಲ್ಲಿ ನಕ್ಕದ್ದು ಕೂಡ. ಅವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು, ಹಿಡಿದುಕೊಂಡೇ ಇತ್ತು.

"ಹೇಗಿದೆ ಸರ್?" ಎಂದಳು ಅಂಗಡಿಯವಳು, ಕೈಸನ್ನೆಯಲ್ಲಿ.

"ಇಲ್ಲ. ಏನೂ ಕೇಳಿಸ್ತಿಲ್ಲ" ಎಂದ. ಹಾಗೆನ್ನುವಾಗ ಬಿರಡೆ ಸಡಿಲಗೊಂಡು ಅಕ್ಕನ ಮಗಳ ಉಸಿರು ಇನ್ನಷ್ಟು ಹತ್ತಿರ ಬಂತು. ಅಂಗಡಿಯವಳು ಕೈಚಾಚಿ ದನಿಯನ್ನು ಏರಿಸಿದಳು. ಅವನು ಮತ್ತೆ ತಲೆಯಾಡಿಸಿದ.

"ನಿನ್ನ ಮಾತು ನನಗೆ ಕೇಳಿಸ್ತಿದೆ ಮಾಮ" ಎಂದಳು ಅಕ್ಕನ ಮಗಳು. "ನೀನು ಹೇಳೋದು ನನಗೆ ಬರುತ್ತೆ, ನಾನು ಹೇಳೋದು ನಿನಗೆ ಬರಲ್ಲ. ಮತ್ತೆ ಅದೇ ಕಥೆ." ಸ್ವಲ್ಪ ದೂರ ನಡೆದಳು. ಗಾಜಿನಾಚೆ ಅವಳ ಬೆನ್ನು ಸಣ್ಣದಾಗುತ್ತಿತ್ತು, ದನಿ ಆಗಲಿಲ್ಲ. "ಸರಿ, ಕೋಣನ ಮುಂದೆ ಕಿಂದರಿ. ಕೇಳಿಸಲ್ವಲ್ಲ, ಹೇಳ್ಬಿಡ್ತೀನಿ. ನನಗೆ ಬೈಕು ಕಲಿಯೋಕೆ ಇಷ್ಟ ಇಲ್ಲ ಮಾಮ. ಭಯ ಆಗುತ್ತೆ. ಎಂಜಿನ್ ಸದ್ದು ಕೇಳಿದ್ರೇ ಅಮ್ಮ ಬಿದ್ದು ಬಂದ ದಿನ ನೆನಪಾಗುತ್ತೆ. ಅಮ್ಮನಿಗೋಸ್ಕರ ಹೂಂ ಅಂದೆ. ಅಮ್ಮನಾದ್ರೂ ಹೇಳಿದ್ದು ನಿನಗೋಸ್ಕರ. ಅವನು ನನ್ನ ಮುಖ ನೋಡಿ ಎರಡು ವರ್ಷ ಆಯ್ತು ಕಣೇ ಅಂತಾಳೆ. ಬರ್ತಾನೆ, ಕಾಲು ನೋಡ್ತಾನೆ, ನಲ್ಲಿ ರಿಪೇರಿ ಮಾಡ್ತಾನೆ, ಹೋಗ್ತಾನೆ. ನಿನ್ನನ್ನ ಕೂರಿಸ್ಕೊಂಡು ಕಲಿಸಿದ್ರೆ ಸರಿಹೋಗ್ತಾನೆ ಅಂತ. ನಾನೇನು ನಿನ್ನ ಔಷಧೀನಾ?"

ಒಂದು ಲಾರಿ ಹಾದುಹೋಯಿತು. ಅವಳು ಅದು ಹೋಗುವವರೆಗೆ ತಡೆದಳು, ಕೇಳುವವರು ಇದ್ದಾರೆ ಎಂಬಂತೆ.

"ಅವತ್ತು ಏನು ಕೂಗಿದ್ದು ಅಂತ ನಾನು ಅಮ್ಮನ್ನ ಎಷ್ಟು ಸಲ ಕೇಳಿದೆ ಗೊತ್ತಾ? ನಿನಗೆ ಹೇಳಲ್ಲ ಅಂತಾಳೆ. ನಾನು ಅವನಿಗೆ ಅಲ್ವೇನೇ ಹೇಳಿದ್ದು, ಅವನು ಕೇಳ್ಲಿ, ಅವನಿಗೇ ಹೇಳ್ತೀನಿ ಅಂತ. ಆಸ್ಪತ್ರೇಲೂ ಬಾಗಿಲು ನೋಡ್ತಾನೇ ಇದ್ದಳು. ನೀನು ಹಣ್ಣು ತಂದೆ. ಒಂದು ದಿನ, ಒಂದೇ ಒಂದು ದಿನ ಕೇಳ್ಬಾರ್ದಾಗಿತ್ತಾ ಮಾಮ?"

ಅವನು ದವಡೆ ಬಿಗಿಹಿಡಿದ. ಅಭ್ಯಾಸ. ಬಿಗಿಹಿಡಿದಷ್ಟೂ ಬಿರಡೆ ಗಟ್ಟಿಯಾಗಿ ಕೂತಿತು, ರಸ್ತೆ ಮಾಯವಾಯಿತು, ಅಂಗಡಿ ಮಾಯವಾಯಿತು, ಅವಳ ದನಿ ಮಾತ್ರ ಹೋಗಲಿಲ್ಲ. ಅಂಗಡಿಯವಳು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಳು.

ಅಕ್ಕನ ಮಗಳು ವಾಪಸು ಬಂದು ಹೆಲ್ಮೆಟ್ಟು ತೆಗೆದಳು. ಹಣೆಗೆ ಕೂದಲು ಅಂಟಿಕೊಂಡಿತ್ತು, ಕಣ್ಣು ಸ್ವಲ್ಪ ಕೆಂಪಾಗಿತ್ತು. ಅವನೂ ಹೆಲ್ಮೆಟ್ಟು, ಬಿರಡೆ ತೆಗೆದ. ಅಂಗಡಿಯವಳು ಅವನ ಹೆಲ್ಮೆಟ್ಟಿನೊಳಗೆ ಬೆರಳಾಡಿಸಿ, "ಸರಿಯಾಗೇ ಕೂತಿದೆಯಲ್ಲ, ಒಂದು ಕೂದಲೂ ಆಚೀಚೆ ಆಗಿಲ್ಲ" ಎಂದು ತನ್ನನ್ನೇ ಬೈದುಕೊಳ್ಳುವವಳಂತೆ ಗೊಣಗಿದಳು. ಆಮೇಲೆ ಅವನ ಕಡೆ ತಿರುಗಿ, ದನಿ ಎತ್ತರಿಸಿ, ಒಂದೊಂದೇ ಮಾತನ್ನು ಬಿಡಿಸಿ, ಕಿವುಡರಿಗೆ ಹೇಳುವ ಹಾಗೆ ಹೇಳಿದಳು: "ಬೇಜಾರು. ಮಾಡ್ಕೋಬೇಡಿ. ಸರ್. ಕೆಲವರ. ಕಿವಿಗೆ. ಆಗಲ್ಲ." ಅವಳ ಮುಖದಲ್ಲಿ ನಿಜವಾದ ಮರುಕವಿತ್ತು. ಗೋಡೆಯ ಹತ್ತಿರ ಬಿರಡೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದ ದಿನ ಸುತ್ತ ನಿಂತವರ ಮುಖದಲ್ಲಿದ್ದದ್ದು ಇದೇ. ಅಂದು ಆ ಮರುಕವನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡಿದ್ದ.

"ಕೇಳಿಸ್ತು" ಎಂದ.

"ಏನ್ ಸರ್?"

"ಕೇಳಿಸ್ತು. ಚೆನ್ನಾಗಿ ಕೇಳಿಸ್ತು."

ಅಕ್ಕನ ಮಗಳು ಹೆಲ್ಮೆಟ್ಟನ್ನು ಮೇಜಿನ ಮೇಲಿಡಲು ಹೋದವಳು ಹಾಗೇ ನಿಂತಳು. "ಎಷ್ಟು?"

"ಬಟ್ಟೆ ಅಂಗಡಿಯಿಂದ."

ಅಂಗಡಿಯವಳು ಏನೂ ಅರ್ಥವಾಗದೆ ಇಬ್ಬರನ್ನೂ ನೋಡಿದಳು. ಹಾಗಾದರೆ ಪ್ಯಾಕ್ ಮಾಡಲೇ ಎಂದು ಕೇಳಿದ್ದಕ್ಕೆ, ಆಮೇಲೆ ಹೇಳ್ತೀನಿ ಎಂದು ಅವನು ಬಿರಡೆಯ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಅಕ್ಕನ ಮಗಳು ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದಳು. ಕಿವಿಯ ತುದಿ ಕೆಂಪಾಗಿತ್ತು. "ಜಾಣಗಿವುಡು ಅಂತಾರಲ್ಲ, ಅದು ನೀನೇ" ಎಂದಳು. ನಗಲಿಲ್ಲ. ನಿನಗೆ ಇಷ್ಟ ಇಲ್ಲದಿದ್ರೆ ಕಲಿಯೋದು ಬೇಡ ಪುಟ್ಟಿ, ಎಂದ. "ನನ್ನ ವಿಷಯ ಬಿಡು. ಅಮ್ಮನ್ನ ಕೇಳ್ತೀಯಾ?" ಹೂಂ ಎಂದ. "ಇವತ್ತೇ ಕೇಳು. ನಿನ್ನ ನಾಳೆ ನನಗೆ ಗೊತ್ತು."

ಅಕ್ಕ ಕುರ್ಚಿಯ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಕಾಲನ್ನು ಮುಂದಿನ ಸ್ಟೂಲಿನ ಮೇಲೆ ಚಾಚಿದ್ದಳು. ಅವನ ಕಣ್ಣು ತಾನಾಗಿಯೇ ಅಲ್ಲಿಗೆ ಹೋಯಿತು, ಅವನು ಅದನ್ನು ಕಷ್ಟಪಟ್ಟು ಮೇಲಕ್ಕೆ ಎಳೆದ. ಎರಡು ವರ್ಷದಲ್ಲಿ ಅಕ್ಕನ ಮುಖ ಅವನಿಗೆ ತಿಳಿಯದ ಹಾಗೆ ಬದಲಾಗಿತ್ತು. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಯಿಯ ಎರಡೂ ಬದಿಗೆ ಗೆರೆ ಬಿದ್ದಿತ್ತು. ಬಾಗಿಲಿಗೆ ಬಂದವರಿಗೆಲ್ಲ ಕಥೆ ಹೇಳುತ್ತಿದ್ದವಳು ಯಾವಾಗ ಇಷ್ಟು ಕಡಿಮೆ ಮಾತಿನವಳಾದಳು?

"ಸಿಕ್ತೇನೋ?" ಎಂದಳು.

"ಅಕ್ಕ, ಅವತ್ತು ನೀನು ಏನು ಕೂಗಿದ್ದು?"

ಅಕ್ಕನ ಕೈಯಲ್ಲಿದ್ದ ಟವೆಲು ಅರ್ಧ ಮಡಿಕೆಯಲ್ಲೇ ನಿಂತಿತು. ಬಾಗಿಲಲ್ಲಿ ಮಗಳು ಚಪ್ಪಲಿ ಬಿಡದೆ ನಿಂತಿದ್ದಳು. ಅಕ್ಕನ ಮುಖದ ಗೆರೆಗಳು ಒಂದು ಕ್ಷಣ ಸಡಿಲವಾದವು. "ಅಂತೂ ಕೇಳ್ದೆಯಲ್ಲೋ ಮಹರಾಯ" ಎಂದಳು. ಟವೆಲನ್ನು ಮಡಿಲಲ್ಲಿಟ್ಟುಕೊಂಡು, ಕುರ್ಚಿಯಲ್ಲಿ ಸರಿಯಾಗಿ ಕೂತು, ದೊಡ್ಡ ಕಥೆಯೊಂದನ್ನು ಶುರುಮಾಡುವ ಹಳೆಯ ಅಕ್ಕನ ಹಾಗೆ ಗಂಟಲು ಸರಿಮಾಡಿಕೊಂಡಳು. "ಅವತ್ತು ನಾನು ಆ ತಿರುವು ದಾಟಿ ಬಂದ್ನಾ. ಬಂದು, ನಿನ್ನನ್ನ ನೋಡಿ..."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಿನ್ನನ್ನ ನೋಡಿ, ಕೈ ಎತ್ತಿ..." ಅಕ್ಕ ಕೈ ಎತ್ತಿದಳು. ಎತ್ತಿದ ಕೈಯನ್ನೇ ನೋಡಿದಳು. "ತಾಳು. ಬಾಯಲ್ಲೇ ಇದೆ."

"ನಿಲ್ಸು ಅಂತಾನಾ ಅಮ್ಮ? ಬ್ರೇಕ್ ಹಿಡೀತಿಲ್ಲ ಅಂತಾನಾ?" ಎಂದಳು ಬಾಗಿಲಿನಿಂದ ಮಗಳು.

"ಅಲ್ಲ ಕಣೇ. ಅದಲ್ಲ ಅಂತ ಚೆನ್ನಾಗಿ ಗೊತ್ತು. ಬೇರೆ ಏನೋ." ಕೈ ನಿಧಾನಕ್ಕೆ ಕೆಳಗಿಳಿಯಿತು. "ಮೊದಮೊದಲು ಇತ್ತು ಕಣೋ. ಮಲಗೋ ಮುಂಚೆ ದಿನಾ ಒಂದ್ಸಲ ಹೇಳ್ಕೊಳ್ತಿದ್ದೆ, ನೀನು ಕೇಳಿದಾಗ ಹಾಗೇ ಹೇಳ್ಬೇಕು ಅಂತ. ಆಮೇಲೆ ಯಾವಾಗ ಬಿಟ್ಟೆನೋ. ಇರುತ್ತೆ ಬಿಡು, ಎಲ್ಲಿ ಹೋಗುತ್ತೆ ಅಂದ್ಕೊಂಡಿದ್ದೆ." ಅವಳು ಟವೆಲಿನ ಅಂಚನ್ನು ಹಿಡಿದು ಎಳೆದಳು, ಬಿಟ್ಟಳು. "ಹೋಗಿದೆ."

ಅವನು ಅವಳ ಎದುರು ನೆಲದ ಮೇಲೆ ಕೂತ. "ನನಗೆ ಕೇಳಿಸಿತ್ತು ಅಕ್ಕ" ಎಂದ. "ಮಾತು ಕೇಳಿಸ್ಲಿಲ್ಲ. ದನಿ ಕೇಳಿಸ್ತು. ಬಾಯಿ ಮುಚ್ಕೊಂಡು ಓಡ್ಸು ಅಂತ ಅಂದೆನಲ್ಲ, ಆಗ. ಕೇಳಿಸಿದ್ದಕ್ಕೇ ಬಾಯಿ ಮುಚ್ಕೊಂಡೆ. ಮುಚ್ಕೊಂಡ್ರೆ ಕೇಳಿಸಲ್ಲ ಅಂತ ಗೊತ್ತಿತ್ತು." ಅವಳು ಬೈಯಲಿ ಎಂದು ಕಾದ. ಕೈಲಿದ್ದ ಟವೆಲಿನಿಂದ ಹೊಡೆದಿದ್ದರೂ ಸರಿಯಿತ್ತು, ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದಳು. ಅಕ್ಕ ಟವೆಲನ್ನು ಬದಿಗಿಟ್ಟು ಮುಂದಕ್ಕೆ ಬಾಗಿದಳು.

"ಹೇಗಿತ್ತು?" ಎಂದಳು.

"ಏನು?"

"ದನಿ. ಮಾಡಿ ತೋರ್ಸು."

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಬೆಚ್ಚಗಾಯಿತು. ಬಾಯಿ ತೆರೆದ. ಮೊದಲು ಬರೀ ಗಾಳಿ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ತೆರೆದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಗಂಡಸು, ಎರಡು ವರ್ಷದಿಂದ ತಲೆಯೊಳಗೆ ತಿರುಗುತ್ತಿದ್ದ ಆ ದನಿಯನ್ನು ಹೊರಗೆ ತೆಗೆದ. ತೆಳ್ಳಗೆ ಶುರುವಾಗಿ, ಮೇಲಕ್ಕೇರಿ, ನಡುವೆ ಒಂದು ಕಡೆ ಒಡೆದು, ಕೊನೆಗೆ ಉದ್ದಕ್ಕೆ ಎಳೆದುಕೊಂಡು ಹೋಗುವ ಒಂದು ಕೂಗು. ಅವನ ಒರಟು ಗಂಟಲಿನಲ್ಲಿ ಅದು ಪಕ್ಕದ ಮನೆಯ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕ ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳುತ್ತಿದ್ದಳು. ಅವಳ ತುಟಿಗಳು ಆಡಿದವು, ಒಂದು ಮಾತಿನ ಆಕಾರ ಕಟ್ಟಿಕೊಳ್ಳಲು ಹೊರಟವು, ನಿಂತವು.

"ಅಲ್ಲ" ಎಂದಳು, ಕಣ್ಣು ತೆರೆಯದೆ. "ಇನ್ನೊಂದ್ಸಲ ಮಾಡು. ಸ್ವಲ್ಪ ಜೋರಾಗಿ."